ಮ್ಯಾನೇಜರ್ ಕುರ್ಚಿಯಲ್ಲಿ ಮೊದಲ ಸೀಸನ್

ಫುಟ್‌ಬಾಲ್ ಮ್ಯಾನೇಜರ್ ಆಟವನ್ನು ಹೊಸದಾಗಿ ತೆರೆದವರಿಗೆ ಮೊದಲು ಕಾಣುವುದು ಪತ್ರಗಳು ತುಂಬಿದ ಇನ್‌ಬಾಕ್ಸ್. ಕ್ಲಬ್‌ನ ಆಡಳಿತ ಮಂಡಳಿ ಸ್ವಾಗತ ಕೋರಿ, ಈ ವರ್ಷ ತಂಡ ಎಷ್ಟನೇ ಸ್ಥಾನದಲ್ಲಿ ನಿಲ್ಲಬೇಕು ಎಂದು ತಿಳಿಸಿರುತ್ತದೆ. ಸಹಾಯಕ ಮ್ಯಾನೇಜರ್ ತಂಡದ ಬಗ್ಗೆ ಕೂತು ಮಾತಾಡೋಣ ಅಂದಿರುತ್ತಾನೆ. ಫಿಸಿಯೊ ಗಾಯಾಳುಗಳ ಪಟ್ಟಿ ಕಳಿಸಿರುತ್ತಾನೆ. ಯಾವನೋ ಏಜೆಂಟ್ ತನ್ನ ಆಟಗಾರನ ಸಂಬಳ ಸಾಲದು ಎಂದು ಆಗಲೇ ರಾಗ ಎಳೆದಿರುತ್ತಾನೆ. ಚೆಂಡನ್ನು ಒದೆಯುವ ಗುಂಡಿ ಎಲ್ಲಿದೆ ಎಂದು ಹುಡುಕಿದರೆ ಎಲ್ಲೂ ಸಿಗದು. ಪಾಸ್ ಕೊಡುವುದು, ಗೋಲು ಹೊಡೆಯುವುದು, ಪೆನಾಲ್ಟಿ ತಡೆಯುವುದು ಎಲ್ಲವೂ ಪರದೆಯೊಳಗಿನ ಆಟಗಾರರ ಕೆಲಸ. ಅವರಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂಬುದಷ್ಟೇ ನಮ್ಮ ಪಾಲು. ಅಷ್ಟೇ ಪಾಲನ್ನು ಇಟ್ಟುಕೊಂಡು ಜನ ವರ್ಷಗಟ್ಟಲೆ ಆಡುತ್ತಾರೆಂದರೆ ಇದರ ಹೆಣಿಗೆ ಎಂಥದ್ದಿರಬೇಕು! ಅದನ್ನು ಬಿಡಿಸಿ ನೋಡುತ್ತಾ, ಹೊಸಬರು ಎಲ್ಲಿಂದ ಹಿಡಿದರೆ ಸುಲಭ ಎಂದು ಹೇಳುವುದು ಈ ಬರಹದ ಉದ್ದೇಶ.

ಕಥೆ ಶುರುವಾಗುವುದು ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ. ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಅಣ್ಣ ತಮ್ಮಂದಿರು 1985ರಲ್ಲಿ ತಮ್ಮ ಮಲಗುವ ಕೋಣೆಯಲ್ಲೇ ಕೂತು ಇಂಥದ್ದೊಂದು ಆಟಕ್ಕೆ ಪ್ರೋಗ್ರಾಂ ಬರೆಯತೊಡಗಿದರು. 1992ರ ಸೆಪ್ಟೆಂಬರ್‌ನಲ್ಲಿ ಡೋಮಾರ್ಕ್ ಕಂಪನಿ ಅದನ್ನು ಚಾಂಪಿಯನ್‌ಶಿಪ್ ಮ್ಯಾನೇಜರ್ ಎಂಬ ಹೆಸರಲ್ಲಿ ಹೊರತಂದಿತು. ಆ ಮೊದಲ ಆವೃತ್ತಿಯಲ್ಲಿ ಕ್ಲಬ್‌ಗಳು ನಿಜ, ಆಟಗಾರರ ಹೆಸರುಗಳೆಲ್ಲ ಕಲ್ಪಿತ. ನಿಜವಾದ ಆಟಗಾರರು ಬಂದದ್ದು ಆಮೇಲೆ, ಮತ್ತು ಅವರು ಬಂದ ಮೇಲೆಯೇ ಆಟಕ್ಕೆ ಹುಚ್ಚು ಅಭಿಮಾನಿಗಳು ಹುಟ್ಟಿಕೊಂಡದ್ದು. 1994ರಲ್ಲಿ ಸೋದರರು ಸ್ಪೋರ್ಟ್ಸ್ ಇಂಟರ್‌ಆಕ್ಟಿವ್ ಕಂಪನಿ ಕಟ್ಟಿದರು. ಹತ್ತು ವರ್ಷದ ಹೊತ್ತಿಗೆ, ಆಗ ಪ್ರಕಾಶಕರಾಗಿದ್ದ ಐಡೋಸ್ ಜೊತೆ ಬೇರೆಯಾಗಬೇಕಾಯಿತು. ಆಗ ಆದ ಪಾಲು ಗಮನಿಸಬೇಕಾದದ್ದು: ಚಾಂಪಿಯನ್‌ಶಿಪ್ ಮ್ಯಾನೇಜರ್ ಎಂಬ ಹೆಸರು ಐಡೋಸ್‌ಗೆ ಹೋಯಿತು, ಪ್ರೋಗ್ರಾಂ ಮತ್ತು ಆಟಗಾರರ ದತ್ತಾಂಶ ಸೋದರರ ಬಳಿ ಉಳಿಯಿತು. ಅವರು ಸೆಗಾ ಜೊತೆ ಸೇರಿ, ಕೆವಿನ್ ಟಾಮ್ಸ್ 1982ರಲ್ಲಿ ತಮ್ಮ ಆಟಕ್ಕೆ ಇಟ್ಟಿದ್ದ ಫುಟ್‌ಬಾಲ್ ಮ್ಯಾನೇಜರ್ ಎಂಬ ಹೆಸರನ್ನು ಪಡೆದು, 2004ರ ನವೆಂಬರ್‌ನಲ್ಲಿ ಮತ್ತೆ ಮಾರುಕಟ್ಟೆಗೆ ಬಂದರು. ಜನ ಹಳೆಯ ಹೆಸರಿನ ಬೆನ್ನು ಹತ್ತಲಿಲ್ಲ, ದತ್ತಾಂಶದ ಬೆನ್ನು ಹತ್ತಿದರು. ಈ ಆಟದ ಜೀವ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ದತ್ತಾಂಶ ತಯಾರಾಗುವ ಬಗೆಯೇ ಒಂದು ಸೋಜಿಗ. ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಸಂಶೋಧಕರು ಇದಕ್ಕಾಗಿ ದುಡಿಯುತ್ತಾರೆ. ಹೆಚ್ಚಿನವರು ಆಯಾ ಕ್ಲಬ್‌ನ ಅಭಿಮಾನಿಗಳು, ತಮ್ಮ ತಂಡದ ಪಂದ್ಯಗಳನ್ನು ಬಿಡದೆ ನೋಡುವವರು. ಒಬ್ಬೊಬ್ಬ ಆಟಗಾರನ ವೇಗ, ಪಾಸಿಂಗ್, ಹೆಡಿಂಗ್, ಧೈರ್ಯ, ತಾಳ್ಮೆ, ನಿರ್ಧಾರಶಕ್ತಿ ಹೀಗೆ ಹತ್ತಾರು ಗುಣಗಳಿಗೆ 1ರಿಂದ 20ರವರೆಗೆ ಅಂಕ ಕೊಡುತ್ತಾರೆ. ನಮಗೆ ಕಾಣದ ಗುಣಗಳೂ ಉಂಟು: ಒಂದೇ ಮಟ್ಟದಲ್ಲಿ ಆಡುತ್ತಾನೋ ಇಲ್ಲವೋ, ದೊಡ್ಡ ಪಂದ್ಯದಲ್ಲಿ ಕುಗ್ಗುತ್ತಾನೋ ಹಿಗ್ಗುತ್ತಾನೋ, ಬೇಗ ಗಾಯಗೊಳ್ಳುವ ಮೈಯೋ ಎಂಬಂಥವು. ಇವೆಲ್ಲದರ ಹಿಂದೆ 200ಕ್ಕೆ ಲೆಕ್ಕ ಹಾಕಿದ ಎರಡು ಗುಟ್ಟಿನ ಅಂಕಗಳಿವೆ. ಒಂದು ಈಗಿನ ಸಾಮರ್ಥ್ಯ, ಇನ್ನೊಂದು ಮುಂದೆ ಏರಬಹುದಾದ ಎತ್ತರ. ಎಷ್ಟೋ ಎಳೆಯರ ವಿಷಯದಲ್ಲಿ ಈ ಎರಡನೆಯದನ್ನು ಒಂದೇ ಅಂಕಕ್ಕೆ ಕಟ್ಟಿಹಾಕದೆ ಇಷ್ಟರಿಂದ ಇಷ್ಟು ಎಂದು ಸಡಿಲ ಬಿಟ್ಟಿರುತ್ತಾರೆ. ಹಾಗಾಗಿ ನೀವು ಆಟವನ್ನು ಹೊಸದಾಗಿ ಶುರು ಮಾಡಿದಾಗಲೆಲ್ಲ ಅದೇ ಹುಡುಗ ಬೇರೆ ಬೇರೆ ಎತ್ತರಕ್ಕೆ ಬೆಳೆಯಬಹುದು. ಇಲ್ಲಿ ಮಿನುಗಿದ ಚೆರ್ನೊ ಸಾಂಬಾ, ಫ್ರೆಡ್ಡಿ ಆಡು ಅವರಂಥ ಹುಡುಗರು ನಿಜಜೀವನದಲ್ಲಿ ಆ ಎತ್ತರ ಮುಟ್ಟಲಿಲ್ಲ ಎಂದು ಹಂಗಿಸುವವರಿದ್ದಾರೆ. ಹದಿಹರೆಯದವನ ಭವಿಷ್ಯ ಯಾರಿಗೆ ಗೊತ್ತು? ತಪ್ಪಿದ ಹೆಸರುಗಳು ನೆನಪಿನಲ್ಲಿ ನಿಲ್ಲುತ್ತವೆ, ಸರಿಯಾದ ಸಾವಿರ ಹೆಸರುಗಳನ್ನು ಯಾರೂ ಎಣಿಸುವುದಿಲ್ಲ. ಇಂಗ್ಲೆಂಡಿನ ಎವರ್ಟನ್ ಕ್ಲಬ್ 2008ರಲ್ಲಿ ಆಟಗಾರರ ಶೋಧಕ್ಕೆ ಇದೇ ದತ್ತಾಂಶವನ್ನು ಬಳಸಲು ಒಪ್ಪಂದ ಮಾಡಿಕೊಂಡಿತ್ತು.

ನಂಬಿಕೆಯ ಮೇಲೆ ನಿಂತ ಕೆಲಸ ಇದು. 2001–02ರ ಆವೃತ್ತಿಯಲ್ಲಿ ಪೋರ್ಚುಗಲ್‌ನ ಗೌವೆಯಾ ಎಂಬ ಸಣ್ಣ ಕ್ಲಬ್‌ನಲ್ಲಿ ಟೊ ಮಡೀರಾ ಎಂಬ ಸ್ಟ್ರೈಕರ್ ಇದ್ದ. ಎಲ್ಲಿಗೆ ತಂದರೂ ಗೋಲುಗಳ ಮಳೆ ಸುರಿಸುತ್ತಿದ್ದ. ಅಂಥ ಆಟಗಾರ ಭೂಮಿಯ ಮೇಲೆ ಇರಲೇ ಇಲ್ಲ. ಅಲ್ಲಿನ ಸಂಶೋಧಕನೇ ಸೇರಿಸಿಬಿಟ್ಟಿದ್ದ. ಆಮೇಲೆ ಅವನನ್ನು ತೆಗೆದರು, ಆದರೆ ಆ ಕಾಲದಲ್ಲಿ ಆಡಿದವರು ಇವತ್ತಿಗೂ ಅವನ ಹೆಸರು ಮರೆತಿಲ್ಲ.

ಈಗ ಆಟವನ್ನು ಕೈಗೆ ಎತ್ತಿಕೊಳ್ಳೋಣ. ಮೊದಲು ಯಂತ್ರದ ಮಾತು. ಈ ಆಟದ ಭಾರ ಚಿತ್ರಕ್ಕಿಂತ ಲೆಕ್ಕದ ಮೇಲೆ ಹೆಚ್ಚು. ಹಿನ್ನೆಲೆಯಲ್ಲಿ ನೂರಾರು ಕ್ಲಬ್‌ಗಳ ಪಂದ್ಯ, ವ್ಯಾಪಾರ, ಗಾಯ, ಒಪ್ಪಂದಗಳು ನಡೆಯುತ್ತಲೇ ಇರುತ್ತವೆ. ಆದ್ದರಿಂದ ಶುರುವಿನಲ್ಲಿ ಯಾವ ಯಾವ ದೇಶದ ಲೀಗ್‌ಗಳು ಬೇಕು ಎಂದು ಕೇಳಿದಾಗ ಆಸೆಗೆ ಬಿದ್ದು ಎಲ್ಲದಕ್ಕೂ ಗುರುತು ಹಾಕಬೇಡಿ. ಒಂದು ದೇಶ, ಅದರ ಎರಡು ಮೂರು ಹಂತ, ಮಧ್ಯಮ ಗಾತ್ರದ ದತ್ತಾಂಶ, ಇಷ್ಟು ಸಾಕು. ನಿಮ್ಮ ಆಯ್ಕೆಯಿಂದ ಆಟ ಮುಂದೆ ಎಷ್ಟು ವೇಗವಾಗಿ ಓಡುತ್ತದೆ ಎಂಬ ಅಂದಾಜನ್ನು ನಕ್ಷತ್ರಗಳಲ್ಲಿ ಅಲ್ಲೇ ತೋರಿಸುತ್ತದೆ.

ಕ್ಲಬ್‌ನ ಆಯ್ಕೆಯಲ್ಲಿ ನನಗೆ ಖಚಿತ ಅಭಿಪ್ರಾಯವಿದೆ. ಮ್ಯಾಂಚೆಸ್ಟರ್ ಸಿಟಿ, ರಿಯಲ್ ಮ್ಯಾಡ್ರಿಡ್ ಥರದ ಕ್ಲಬ್ ಹಿಡಿದರೆ ಕಲಿಯುವುದು ಕಡಿಮೆ. ತಂತ್ರ ತಪ್ಪಿದ್ದರೂ ಆಟಗಾರರು ಗೆಲ್ಲಿಸಿಬಿಡುತ್ತಾರೆ, ಎರಡು ಪಂದ್ಯ ಸೋತರೆ ಮಂಡಳಿ ಕಣ್ಣು ಕೆಂಪಗೆ ಮಾಡುತ್ತದೆ. ಅತಿ ಕೆಳಹಂತದ ಕ್ಲಬ್‌ನಲ್ಲಿ ದುಡ್ಡೂ ಇಲ್ಲ, ಸಿಬ್ಬಂದಿಯೂ ಇಲ್ಲ. ಇಂಗ್ಲೆಂಡಿನ ಎರಡನೇ ಹಂತವಾದ ಚಾಂಪಿಯನ್‌ಶಿಪ್ ಲೀಗ್‌ನಲ್ಲಿ ನಡುವಿನ ಸ್ಥಾನ ನಿರೀಕ್ಷಿಸುವ ಕ್ಲಬ್ ಒಂದನ್ನು ಹಿಡಿಯಿರಿ. 24 ತಂಡ, 46 ಪಂದ್ಯ. ಮೊದಲ ಇಬ್ಬರು ನೇರ ಮೇಲಕ್ಕೆ, ಮುಂದಿನ ಕೆಲವರಿಗೆ ಪ್ಲೇ-ಆಫ್, ಕೊನೆಯ ಮೂವರು ಕೆಳಕ್ಕೆ. ಒಂದು ಸೋಲಿನಿಂದ ಆಕಾಶ ಕಳಚಿ ಬೀಳದಷ್ಟು ಉದ್ದದ ಸೀಸನ್ ಅದು. ತಪ್ಪಿ ತಿದ್ದಿಕೊಳ್ಳಲು ಪುರುಸೊತ್ತು ಸಿಗುತ್ತದೆ.

ನಮ್ಮ ಬೆಂಗಳೂರು ಎಫ್‌ಸಿಯನ್ನೇ ನಡೆಸಬೇಕೆಂದು ಕನ್ನಡಿಗರಿಗೆ ಅನ್ನಿಸುವುದು ಸಹಜ. ಭಾರತದ ಲೀಗ್ ಈ ಆಟದಲ್ಲಿ ಬಂದಿದೆ. 2013ರಲ್ಲಿ ಹುಟ್ಟಿ, ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದ ಕ್ಲಬ್‌ನ ಮ್ಯಾನೇಜರ್ ಆಗುವ ಖುಷಿಯೇ ಬೇರೆ. ಆದರೆ ಆ ಕ್ಲಬ್ ಈಗ ಆಡುವ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಮೈದಾನಕ್ಕೆ ಒಮ್ಮೆಗೆ ನಾಲ್ವರೇ ವಿದೇಶಿಯರು ಎಂಬಂಥ ಕಟ್ಟಳೆಗಳಿವೆ, ಅವುಗಳ ನಡುವೆ ತಂಡ ಕಟ್ಟಲು ಸ್ವಲ್ಪ ಪಳಗಿದ ಕೈ ಬೇಕು. ಎರಡನೇ ಸಲ ಆಡುವಾಗ ಅದನ್ನು ಇಟ್ಟುಕೊಳ್ಳಿ.

ಕುರ್ಚಿ ಸಿಕ್ಕಿತು. ಮೊದಲ ದಿನವೇ ಆಟಗಾರರನ್ನು ಕೊಳ್ಳಲು ಓಡಬೇಡಿ. ಇರುವವರ ಪುಟಗಳನ್ನು ಒಂದೊಂದಾಗಿ ತೆರೆದು ಓದಿ. ಈ ಆಟದ ವಿದ್ಯೆ ಎಂದರೆ ಬಹುಪಾಲು ಇದೇ: ಒಂದು ಪುಟದ ಅಂಕಿಗಳಿಂದ ಒಬ್ಬ ಮನುಷ್ಯನನ್ನು ಕಾಣುವುದು.

ಒಂದು ಉದಾಹರಣೆ ನೋಡಿ. ಬಲ ಅಂಚಿನಲ್ಲಿ ಆಡುವ 21ರ ಹುಡುಗ. ವೇಗ 16, ವೇಗ ಪಡೆಯುವ ಚುರುಕು 15, ಡ್ರಿಬ್ಲಿಂಗ್ 14. ಎರಡನೇ ಹಂತಕ್ಕೆ ಇದು ಭರ್ಜರಿ. ಕಣ್ಣು ಇಲ್ಲೇ ನಿಂತರೆ ಹೊಸಬರು, ಕೆಳಗೆ ಇಳಿದರೆ ಮ್ಯಾನೇಜರ್. ಕ್ರಾಸಿಂಗ್ 8. ಅಂದರೆ ಗೆರೆಯ ತನಕ ಓಡಿ ಚೆಂಡನ್ನು ಗೋಲಿನ ಮುಂದೆ ಹಾಕು ಅಂದರೆ ಇವನಿಂದ ಆಗದು. ಕಾಲು ನೋಡಿ: ಎಡಗಾಲೇ ಬಲವಾದದ್ದು. ಬಲ ಅಂಚಿನಲ್ಲಿ ಎಡಗಾಲಿನವನಿದ್ದರೆ ಅವನು ಸಹಜವಾಗಿ ಒಳಕ್ಕೆ ತಿರುಗಿ ಗೋಲಿನತ್ತ ನುಗ್ಗುತ್ತಾನೆ. ಹಾಗಾದರೆ ಅವನಿಗೆ ಒಳನುಗ್ಗುವ ಪಾತ್ರ ಕೊಡಿ, ಕ್ರಾಸಿಂಗ್ 8 ಎಂಬುದು ದೋಷವಾಗಿ ಕಾಡುವುದೇ ಇಲ್ಲ. ಇನ್ನೂ ಕೆಳಗೆ: ಶ್ರಮ 7. ಚೆಂಡು ಕಳೆದುಕೊಂಡ ಮೇಲೆ ಈ ಹುಡುಗ ಹಿಂದಕ್ಕೆ ಓಡಿ ಬರುವವನಲ್ಲ. ಅವನ ಹಿಂದಿರುವ ರೈಟ್‌ಬ್ಯಾಕ್ ಒಬ್ಬನೇ ಇಬ್ಬರನ್ನು ತಡೆಯಬೇಕು. ಈಗ ರೈಟ್‌ಬ್ಯಾಕ್‌ನ ಪುಟ ತೆರೆಯಿರಿ. ಅವನ ದಮ್ಮು 15 ಇದ್ದು, ಕ್ರಾಸಿಂಗ್ 13 ಇದ್ದರೆ ನಿಮ್ಮ ಅದೃಷ್ಟ. ಹುಡುಗ ಒಳಕ್ಕೆ ತಿರುಗಿದಾಗ ಖಾಲಿಯಾದ ಅಂಚಿನಲ್ಲಿ ಇವನು ಓಡಿಬಂದು ಕ್ರಾಸ್ ಹಾಕುತ್ತಾನೆ. ದಮ್ಮು 9 ಆಗಿದ್ದರೆ ಮುಂದೆ ಹೋಗಬೇಡ, ಜಾಗ ಕಾಯ್ದುಕೋ ಎಂದು ಹೇಳಿ, ನಡುವಿನ ಮೂವರಲ್ಲಿ ಒಬ್ಬನನ್ನು ಬಲಕ್ಕೆ ವಾಲಿಸಬೇಕು. ಜಾತಕ ಕೂಡಿಸಿದ ಹಾಗೆ, ಒಬ್ಬನ ಕೊರತೆಯನ್ನು ಇನ್ನೊಬ್ಬನ ಗುಣದಿಂದ ತುಂಬುತ್ತಾ ಹೋಗುವ ಕೆಲಸ.

ಇನ್ನೊಬ್ಬನನ್ನು ನೋಡೋಣ. 34ರ ಸೆಂಟರ್‌ಬ್ಯಾಕ್. ವೇಗ 8. ಇವನು ಮುಗಿದ ಅಂತ ಮಾರಲು ಹೊರಡುವ ಮೊದಲು ಮನಸ್ಸಿನ ಗುಣಗಳನ್ನು ಓದಿ: ಮುಂಗಾಣುವಿಕೆ 16, ಜಾಗ ಹಿಡಿಯುವಿಕೆ 16, ಮುಂದಾಳುತನ 17. ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ತಿಳಿಯುವವನಿಗೆ ಓಡುವ ಅಗತ್ಯ ಕಡಿಮೆ. ಆದರೆ ನಿಮ್ಮ ರಕ್ಷಣಾ ಸಾಲನ್ನು ಮೈದಾನದ ನಡುಗೆರೆಯ ತನಕ ಏರಿಸಿದರೆ, ಅವನ ಬೆನ್ನ ಹಿಂದೆ ಬಿದ್ದ ಚೆಂಡಿಗೆ ಎದುರಾಳಿಯ 20ರ ಸ್ಟ್ರೈಕರ್ ಜೊತೆ ಓಟದ ಪಂದ್ಯ ಕಟ್ಟಿದಂತಾಯಿತು. ಸಾಲನ್ನು ಕೆಳಗಿಡಿ, ಅವನು ಇನ್ನೂ ಒಂದು ಸೀಸನ್ ರಾಜನಂತೆ ಆಡುತ್ತಾನೆ. ಇಡೀ ತಂಡದ ತಂತ್ರವೊಂದು ಒಬ್ಬ ಮನುಷ್ಯನ ಕಾಲಿನಿಂದ ಹುಟ್ಟುವುದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ನನ್ನನ್ನು ಈ ಆಟಕ್ಕೆ ಕಟ್ಟಿಹಾಕಿದ್ದು ಇದೇ ಗುಣ.

ತಂತ್ರದ ಪುಟಕ್ಕೆ ಬಂದಾಗ ಆಟವೇ ಕೆಲವು ಸಿದ್ಧ ಶೈಲಿಗಳನ್ನು ಮುಂದಿಡುತ್ತದೆ. ಎದುರಾಳಿಯ ಕಾಲಿಗೆ ಚೆಂಡು ಹೋದ ಕ್ಷಣವೇ ಮುತ್ತಿಗೆ ಹಾಕುವ ಗೆಗೆನ್‌ಪ್ರೆಸ್, ಸಣ್ಣ ಪಾಸ್‌ಗಳ ಟಿಕಿ-ಟಾಕಾ, ಅಂಚುಗಳಿಂದ ಆಡುವ ವಿಂಗ್ ಪ್ಲೇ, ಕಾದು ಕೂತು ಎರಗುವ ಕೌಂಟರ್ ಅಟ್ಯಾಕ್. ಗೆಗೆನ್‌ಪ್ರೆಸ್ ಎಲ್ಲರನ್ನೂ ಸೆಳೆಯುತ್ತದೆ. ಆದರೆ ಅದು ದಮ್ಮನ್ನೂ ಶ್ರಮವನ್ನೂ ತಿನ್ನುವ ಶೈಲಿ. ಮೇಲೆ ಹೇಳಿದ ಇಬ್ಬರನ್ನು ಇಟ್ಟುಕೊಂಡು ಅದಕ್ಕೆ ಕೈಹಾಕಿದರೆ ಡಿಸೆಂಬರ್ ಹೊತ್ತಿಗೆ ಅರ್ಧ ತಂಡ ಫಿಸಿಯೊ ಕೋಣೆಯಲ್ಲಿರುತ್ತದೆ. ಓದಿದ ಪುಟಗಳಿಗೆ ಒಪ್ಪುವ ಒಂದು ಶೈಲಿ, 4-2-3-1 ಅಥವಾ 4-4-2ರಂಥ ಪರಿಚಿತ ವಿನ್ಯಾಸ, ಇವನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ಆಟಗಾರರಿಗೆ ತಂತ್ರ ರೂಢಿಯಾಗಲು ವಾರಗಟ್ಟಲೆ ತರಬೇತಿ ಬೇಕು. ರೂಢಿ ಎಷ್ಟಾಯಿತು ಎಂಬುದನ್ನು ಆಟ ಪಟ್ಟಿ ಎಳೆದು ತೋರಿಸುತ್ತದೆ. ಪ್ರತಿ ಸೋಲಿಗೂ ತಂತ್ರ ಬದಲಿಸುವವರ ಪಟ್ಟಿ ಎಂದೂ ತುಂಬುವುದಿಲ್ಲ.

ಈ ವಿಭಾಗ ಈಚೆಗೆ ಬಹಳ ಬದಲಾಗಿದೆ. ಹೊಸ ಎಂಜಿನ್‌ಗೆ ಹೊರಳುವ ದೊಡ್ಡ ಕೆಲಸ ಹದಕ್ಕೆ ಬರಲಿಲ್ಲವೆಂದು ಕಂಪನಿ 2025ರ ಫೆಬ್ರವರಿಯಲ್ಲಿ ಆ ವರ್ಷದ ಆವೃತ್ತಿಯನ್ನೇ ರದ್ದು ಮಾಡಿತು. ಅರೆಬೆಂದದ್ದನ್ನು ಬಡಿಸದೆ ನಿಲ್ಲಿಸಿದ್ದು ಸರಿಯಾದ ತೀರ್ಮಾನ ಎಂದೇ ನನ್ನ ಅನಿಸಿಕೆ. ಮುಂದಿನದು ಆ ವರ್ಷದ ನವೆಂಬರ್‌ನಲ್ಲಿ ಬಂತು. ಅದರಲ್ಲಿ ಚೆಂಡು ನಮ್ಮ ಬಳಿ ಇದ್ದಾಗ ಒಂದು ವಿನ್ಯಾಸ, ಇಲ್ಲದಾಗ ಇನ್ನೊಂದು ವಿನ್ಯಾಸ ಎಂದು ಬೇರೆ ಬೇರೆಯಾಗಿ ಹೇಳಬಹುದು. ಮಹಿಳಾ ಫುಟ್‌ಬಾಲ್ ಸಹ ಮೊದಲ ಬಾರಿಗೆ ಬಂದದ್ದು ಅದರಲ್ಲೇ. ಯಾವ ಆವೃತ್ತಿ ಕೈಗೆ ಸಿಕ್ಕರೂ ಆಟಗಾರನ ಪುಟ ಓದುವ ಕ್ರಮ ಮಾತ್ರ ಒಂದೇ.

ಎಲ್ಲ ಕೆಲಸವನ್ನೂ ಮೈಮೇಲೆ ಎಳೆದುಕೊಳ್ಳುವ ಅಗತ್ಯವಿಲ್ಲ. ಜವಾಬ್ದಾರಿಗಳ ಪುಟದಲ್ಲಿ ಯಾವುದು ನಿಮ್ಮದು, ಯಾವುದು ಸಿಬ್ಬಂದಿಯದು ಎಂದು ಹಂಚಬಹುದು. ದಿನದ ತರಬೇತಿ ವೇಳಾಪಟ್ಟಿ, ಕಿರಿಯರ ತಂಡ, ಪತ್ರಿಕಾಗೋಷ್ಠಿ ಇವನ್ನು ಮೊದಲ ಸೀಸನ್ ಮಟ್ಟಿಗೆ ಸಹಾಯಕನಿಗೆ ಬಿಡಿ. ತಂಡದ ಆಯ್ಕೆ, ತಂತ್ರ, ವ್ಯಾಪಾರ ನಿಮ್ಮ ಕೈಯಲ್ಲಿರಲಿ. ಸೀಸನ್‌ಗೆ ಮುಂಚಿನ ಸ್ನೇಹಪೂರ್ವಕ ಪಂದ್ಯಗಳನ್ನು ದುರ್ಬಲ ತಂಡಗಳ ಜೊತೆ ಇಟ್ಟುಕೊಳ್ಳಿ. ಮೈ ಪಳಗುತ್ತದೆ, ಗೆದ್ದ ಹುರುಪೂ ಕೂಡಿಬರುತ್ತದೆ.

ಪಂದ್ಯದ ದಿನ. ಇಲ್ಲಿ ಕಣ್ಣಿಗೆ ಕೆಲಸ. ಒಂದು ಕಾಲದಲ್ಲಿ ಪಂದ್ಯವೆಂದರೆ ಪರದೆಯ ಮೇಲೆ ಓಡುವ ಅಕ್ಷರಗಳು ಮಾತ್ರ. 2003ರಲ್ಲಿ ಮೇಲಿನಿಂದ ಕಾಣುವ ಚುಕ್ಕೆಗಳು ಬಂದವು, 2009ರ ಆವೃತ್ತಿಯಲ್ಲಿ ಮೂರು ಆಯಾಮದ ಆಟಗಾರರು. ಮುಖ್ಯ ಘಟನೆಗಳಷ್ಟನ್ನೇ ತೋರಿಸು ಎಂದು ಕೇಳಿ ಹತ್ತು ನಿಮಿಷದಲ್ಲಿ ಮುಗಿಸಬಹುದು. ಮೊದಲ ಕೆಲವು ಪಂದ್ಯಗಳನ್ನಾದರೂ ವಿಸ್ತಾರವಾಗಿ ನೋಡಿ. ಗೋಲು ಬಿದ್ದಾಗ ಗೋಲ್‌ಕೀಪರ್‌ನನ್ನು ಬೈಯುವ ಮುಂಚೆ ಹಿಂದಕ್ಕೆ ಸರಿಸಿ ಮತ್ತೆ ನೋಡಿ. ಕ್ರಾಸ್ ಎಲ್ಲಿಂದ ಬಂತು? ನಮ್ಮ ಬಲ ಅಂಚಿನಿಂದ. ಅಲ್ಲಿ ರೈಟ್‌ಬ್ಯಾಕ್ ಎದುರು ಇಬ್ಬರು. ನಮ್ಮ ವಿಂಗರ್ ಎಲ್ಲಿ? ನಡುಗೆರೆಯ ಹತ್ತಿರ ನಿಂತು ನೋಡುತ್ತಿದ್ದಾನೆ. ಪುಟದಲ್ಲಿ ಓದಿದ್ದ ಶ್ರಮ 7 ಈಗ ಮೈದಾನದಲ್ಲಿ ನಿಂತಿದೆ. ಅಂಕಿ ಮತ್ತು ಘಟನೆ ಹೀಗೆ ಒಂದಾಗುವ ಕ್ಷಣದಲ್ಲಿ ಈ ಆಟ ಕಟ್ಟಿದವರ ಕಸುಬಿಗೆ ಕೈಮುಗಿಯಬೇಕು ಅನ್ನಿಸುತ್ತದೆ. ಆಗ ಮಾಡಬೇಕಾದದ್ದು ಒಂದೇ ಬದಲಾವಣೆ: ನಡುವಿನವನೊಬ್ಬನನ್ನು ಬಲಕ್ಕೆ ಸರಿಸುವುದು, ಇಲ್ಲವೇ 60ನೇ ನಿಮಿಷಕ್ಕೆ ವಿಂಗರ್‌ನನ್ನು ಹೊರಕ್ಕೆ ಕರೆಯುವುದು. ಐದು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಫಲಿಸಿತೆಂದು ತಿಳಿಯುವುದೇ ಇಲ್ಲ. ಪಂದ್ಯದ ಫಲಿತಾಂಶದ ಜೊತೆ ನಿರೀಕ್ಷಿತ ಗೋಲುಗಳ ಲೆಕ್ಕವನ್ನೂ ನೋಡಿ. 0-1 ಸೋತರೂ ನಮ್ಮ ಲೆಕ್ಕ 1.9, ಅವರದು 0.4 ಅಂತಿದ್ದರೆ ಮುಟ್ಟದೆ ಬಿಡಿ.

ದುಡ್ಡಿನ ವಿಷಯದಲ್ಲಿ ಹೊಸಬರ ಕಣ್ಣು ವರ್ಗಾವಣೆಯ ಮೊತ್ತದ ಮೇಲೆ ಬೀಳುತ್ತದೆ. ಕ್ಲಬ್‌ಗಳನ್ನು ಮುಳುಗಿಸುವುದು ವಾರದ ಸಂಬಳ. 50 ಲಕ್ಷ ಪೌಂಡ್ ಒಮ್ಮೆ ಹೋಗುತ್ತದೆ, ಸಂಬಳ ನಾಲ್ಕು ವರ್ಷ ಪ್ರತಿವಾರ ಹೋಗುತ್ತಲೇ ಇರುತ್ತದೆ. ಒಪ್ಪಂದದ ಕೆಳಗಿನ ಷರತ್ತುಗಳನ್ನು ಬಿಡದೆ ಓದಿ. ಮುಂದೆ ಮಾರಿದಾಗ ಹಳೆ ಕ್ಲಬ್‌ಗೆ ಇಷ್ಟು ಪಾಲು, ತಂಡ ಕೆಳಹಂತಕ್ಕೆ ಜಾರಿದರೆ ಇಷ್ಟಕ್ಕೆ ಬಿಟ್ಟುಕೊಡಬೇಕು ಎಂಬಂಥವು ಅಲ್ಲಿ ಅಡಗಿರುತ್ತವೆ. ದೊಡ್ಡ ಕ್ಲಬ್‌ಗಳ ಎಳೆಯರನ್ನು ಲೋನ್ ಮೇಲೆ ತರುವುದು ಈ ಹಂತದಲ್ಲಿ ಅಗ್ಗದ ದಾರಿ. ಸ್ಕೌಟ್ ಇನ್ನೂ ಸರಿಯಾಗಿ ನೋಡಿರದ ಆಟಗಾರನ ಗುಣ 11-15 ಎಂದು ಅಂದಾಜಿನಲ್ಲಿ ಕಾಣುತ್ತದೆ. ಇನ್ನೊಂದಷ್ಟು ಪಂದ್ಯ ನೋಡಿ ಬಾ ಎಂದು ಕಳಿಸಿದರೆ ಮಂಜು ಸರಿದು ಒಂದೇ ಅಂಕ ಉಳಿಯುತ್ತದೆ. 15 ಎಂದೇ ನಂಬಿ ದುಡ್ಡು ಸುರಿಯಬೇಡಿ.

ಅಂಕಿಗಳಾಚೆ ಮನಸ್ಸುಗಳೂ ಇವೆ. ತಂಡದಲ್ಲಿ ಹಿರಿಯರ ಒಂದು ಗುಂಪು ಇರುತ್ತದೆ. ಅವರ ಮಾತಿಗೆ ಉಳಿದವರು ತಲೆಯಾಡಿಸುತ್ತಾರೆ. ಆಡುವ ಅವಕಾಶ ಕೊಡುತ್ತೇನೆ ಎಂದು ನಾಯಕನಿಗೆ ಮಾತು ಕೊಟ್ಟು ಬೆಂಚಿನಲ್ಲಿ ಕೂರಿಸಿದರೆ, ಮುನಿಸು ಅವನೊಬ್ಬನಲ್ಲಿ ನಿಲ್ಲದೆ ಇಡೀ ಕೋಣೆಗೆ ಹರಡುತ್ತದೆ. ಉಳಿಸಿಕೊಳ್ಳಲಾಗದ ಮಾತನ್ನು ಇಲ್ಲಿಯೂ ಕೊಡಬಾರದು.

ಮಾರ್ಚ್ ಆಸುಪಾಸಿನಲ್ಲಿ ಇಂಗ್ಲೆಂಡಿನ ಕ್ಲಬ್‌ಗಳಿಗೆ ಅಕಾಡೆಮಿಯ ಹೊಸ ಹುಡುಗರು ಬರುತ್ತಾರೆ. 15-16ರ ಈ ಹುಡುಗರು ಪೂರ್ತಿ ಕಂಪ್ಯೂಟರ್‌ನ ಸೃಷ್ಟಿ. ಹೆಸರು, ಮುಖ, ಸ್ವಭಾವ ಎಲ್ಲವನ್ನೂ ಆಟವೇ ಕೊಟ್ಟಿರುತ್ತದೆ. ಅಕಾಡೆಮಿಯ ಮುಖ್ಯಸ್ಥ ಎಂಥವನೋ ಆ ಸ್ವಭಾವದ ಛಾಯೆ ಹುಡುಗರಲ್ಲೂ ಬೀಳುತ್ತದೆ. ಆದ್ದರಿಂದ ಆ ಹುದ್ದೆಗೆ ಛಲವಂತನನ್ನು ನೇಮಿಸುವುದು ಹತ್ತು ವರ್ಷದ ಬಂಡವಾಳ. ಗುಣಗಳ ಪಟ್ಟಿಗಿಂತ ಮೊದಲು ಹುಡುಗನ ಛಲ ಮತ್ತು ವ್ಯಕ್ತಿತ್ವದ ವಿವರಣೆ ಓದಿ. ಸೋಮಾರಿ ಪ್ರತಿಭಾವಂತ ಹೆಚ್ಚಾಗಿ ಅರ್ಧದಲ್ಲೇ ನಿಂತುಬಿಡುತ್ತಾನೆ. ಇಪ್ಪತ್ತು ಸೀಸನ್ ಕಳೆಯುವ ಹೊತ್ತಿಗೆ ನಿಜಲೋಕದ ಆಟಗಾರರೆಲ್ಲ ನಿವೃತ್ತರಾಗಿ ಮೈದಾನ ತುಂಬ ಇಂಥ ಕಲ್ಪಿತರೇ ಇರುತ್ತಾರೆ. ಆದರೆ ಅವರಲ್ಲಿ ಯಾರು ಯಾವ ಮಳೆಯಲ್ಲಿ ಯಾವ ಗೋಲು ಹೊಡೆದ ಎಂಬುದು ನಿಮಗೆ ನೆನಪಿರುತ್ತದೆ. ನೀವೇ ಬೆಳೆಸಿದ ಹುಡುಗ ಮೂವತ್ತೈದಕ್ಕೆ ವಿದಾಯ ಹೇಳಿ ನಿಮ್ಮ ಬಳಿಯೇ ಕೋಚ್ ಆಗಿ ಸೇರುವುದೂ ಉಂಟು.

ಅಷ್ಟು ದೂರದ ಮಾತು ಆಮೇಲೆ. ಮೊದಲ ಸೀಸನ್‌ನಲ್ಲಿ ಹೊಸಬರ ಕೈ ಸುಡುವ ಒಂದು ಸಂಗತಿ ಮಾತ್ರ ಈಗಲೇ ಹೇಳಿಬಿಡಬೇಕು. ಇಂಗ್ಲೆಂಡಿನಲ್ಲಿ ಆಟಗಾರರ ಒಪ್ಪಂದಗಳು ಜೂನ್ 30ಕ್ಕೆ ಮುಗಿಯುತ್ತವೆ. ಕೊನೆಯ ಆರು ತಿಂಗಳಿಗೆ ಕಾಲಿಟ್ಟ ಆಟಗಾರನ ಜೊತೆ ವಿದೇಶಿ ಕ್ಲಬ್‌ಗಳು ಜನವರಿಯಲ್ಲೇ ಮಾತು ಮುಗಿಸಿಕೊಳ್ಳಬಹುದು, ನಿಮಗೆ ಬಿಡಿಗಾಸೂ ಸಿಗುವುದಿಲ್ಲ. ತಂಡದ ಪಟ್ಟಿಯನ್ನು ಒಪ್ಪಂದ ಮುಗಿಯುವ ದಿನಾಂಕದ ಪ್ರಕಾರ ಜೋಡಿಸುವ ಸೌಲಭ್ಯ ಅಲ್ಲೇ ಇದೆ. ನವೆಂಬರ್‌ನಲ್ಲಿ, ಪಂದ್ಯಗಳ ಗಡಿಬಿಡಿಯ ನಡುವೆಯೇ, ಒಂದು ಸಲ ಹಾಗೆ ಜೋಡಿಸಿ ನೋಡಿ. ಯಾರನ್ನು ಉಳಿಸಿಕೊಳ್ಳಬೇಕೋ ಅವರ ಏಜೆಂಟರಿಗೆ ಆ ವಾರವೇ ಕರೆ ಕಳಿಸಿ.